ಪೊಳ್ಳು ಪರಸಿ

ಸೋಲಾಪುರದಿಂದ ಟೆಂಪೋದಾಗ ಬಂದಿಳಿದ ದಿನ
ಶಹಾಬಜಾರದ ನಮ್ಮ ಓಣಿಯವರು ಅದನ ಮಂಚ ಅಂದ್ರು.
ಎರಡು ಕಬ್ಬಿಣದ ಚೌಕಟ್ಟು, ಒಂದು ಮೋಟಾರಿನ ಡಬ್ಬಿ,
ಮೊಸರಿನ ಗಡಗಿಯಷ್ಟು ಎಣ್ಣಿ.
"ಧೂಳಪ್ಪ ಮಾಸ್ತರಿಗಿ ಸೊಂಟ ಹಿಡದದ,
ಆಸ್ಪತ್ರಿ ಖಾಟು ತರಿಸ್ಯಾರ."

ಎತ್ತಿನ ಹಲ್ಲು ನೋಡಿದಂಗ ನೋಡಿ ಆರಿಸಿದ್ದೆ.
ನಾಕು ಕಂಬದ್ದು ಬ್ಯಾಡ, ತಗಡಿನ ಶೆಡ್ಡು ಗಿಡ್ಡದು;
ಕತ್ತರಿ ಮಾದರಿದು ನಡುವ ಅಡ್ಡ ನಿಲ್ತದ,
ಗೇರ್ ಬಾಕ್ಸಿಗೆ ಕೈ ಹಾಕಬೇಕಂದ್ರ
ಅದರ ಮೊಣಕಾಲೇ ತಡಿತದ.
ಇದು ಎಡಕ್ಕೊಂದು ಬಲಕ್ಕೊಂದು, ನಡುವ ಖಾಲಿ.
ಕೆಲಸ ಮುಗದ ಮ್ಯಾಲ ಗ್ವಾಡಿಗಿ ಆನಿಸಿ ಇಡಬಹುದು.
ಮೂರು ಟನ್ ಎತ್ತತದ ಅಂತ ಬರದಾರ.
ಬರದದ್ದರಾಗ ಅರ್ಧ ನಂಬು ಅಂತಿದ್ದ ನಮ್ಮಪ್ಪ,
ತಕ್ಕಡಿ ಅಂಗಡ್ಯಾಗ ದುಡದಾಂವ.
ಅರ್ಧ ಅಂದ್ರೂ ನಮ್ಮ ಹಳೀ ಎಸ್ಟೀಮಿಗೆ ಸಾಕು.

ಎಲ್ಲಾ ಓದಿದ್ದೆ. ನೆಲ ಒಂದು ಓದಿರಲಿಲ್ಲ.

ಸುಗಲಾ ಹೊಸ್ತಿಲದಾಗ ಬಂದು ನಿಂತಳು,
ಕೈತುಂಬ ಜ್ವಾಳದ ಹಿಟ್ಟು.
"ಎಲ್ಲಿ ಇಡ್ತೀರಿ ಇದನ?"
"ಇಲ್ಲೇ. ಪರಸಿ ಮ್ಯಾಲ."
ಏನೂ ಅನ್ನಲಿಲ್ಲ ಆಕಿ.
ಸೆರಗಿಗೆ ಕೈ ಒರಸಿ, ಐದು ರೂಪಾಯಿ ನಾಣ್ಯ ಹಿಡದು
ಕುಕ್ಕರುಗಾಲಿಲೆ ಕುಂತು
ಒಂದೊಂದೇ ಕಲ್ಲಿಗೆ ಬಡದಳು.
ಟಣ್.
ಟಣ್.
ಟಣ್.
ಢಬ್.

ಶಹಾಬಾದದ ಖಣಿಯಾಗ ಆಕಿ ಅಪ್ಪ ಕಲ್ಲು ಸೀಳ್ತಿದ್ದ.
ಬುತ್ತಿ ಒಯ್ದ ಹುಡುಗಿ ಸುತ್ತಿಗಿ ಸಪ್ಪಳ ಕೇಳ್ಕೋತ ಕುಂತು
ಯಾವ ಕಲ್ಲು ಹಾಳಿಯಂಗ ಬಿಚ್ಚತದ, ಯಾವುದು ನಡುವ ಮುರಿತದ
ಕಿವಿಲೆ ಕಲತಾಳ.
ಮೂವತ್ತೊಂದು ವರ್ಷ ನನ್ನ ಜೋಡಿ ಇದ್ದು
ಈ ವಿದ್ಯಾ ಒಮ್ಮಿನೂ ಹೊರಗ ತಗದಿರಲಿಲ್ಲ.
ನಾ ಕೇಳಿರಲಿಲ್ಲ ಅನ್ನೋದೂ ಖರೇನೇ.

"ಈ ನಾಕು ಪೊಳ್ಳ ಅವ. ಕೆಳಗ ಮಣ್ಣು ಕುಸದದ.
ಗಾಡಿ ಗಾಲಿ ಮ್ಯಾಲ ನಿಂತ್ರ ಹ್ಯಾಂಗೋ ತಾಳತದ,
ನಿಮ್ಮ ಕಬ್ಬಿಣ ಒಂದೇ ಕಡಿ ಊರ್ತದ.
ಕಲ್ಲು ಕೇಳಿದ್ರ ಹೇಳ್ತದರಿ,
ಇಲ್ಲಾಂದ್ರ ಒಡದು ಹೇಳ್ತದ."

ಕಿತ್ತೀವಿ. ಕೆಳಗ ಹೆಗ್ಗಣದ ಬಿಲ, ಯಾರದೋ ಒಂದು ಗಾಜಿನ ಗೋಲಿ.
ಆರಿಂಚು ಕಾಂಕ್ರೀಟು ಹಾಕಿ ಇಪ್ಪತ್ತೆಂಟು ದಿನ ನೀರುಣಿಸಿ ಕಾದೀವಿ.
ಎಸ್ಟೀಮು ಹೊರಗ ಬೇವಿನ ಗಿಡದ ಬುಡಕ
ಕಾಗಿ ಹಿಕ್ಕಿ ಹಾಕಿಸ್ಕೋತ ನಿಂತಿತ್ತು.

ಮೇ ತಿಂಗಳ ಇತ್ವಾರ. ನಸುಕಿನ್ಯಾಗೇ ಸುರು;
ಹತ್ತರ ಮ್ಯಾಲ ಕಲಬುರಗಿ ತಗಡು ರೊಟ್ಟಿ ಹಂಚಾಗ್ತದ,
ವೋಲ್ಟೇಜೂ ಮಕ ಬಾಡಿಸ್ತದ.
ರಬ್ಬರ್ ಗಟ್ಟಿ ನಾಕು, ಬಾಗಲ ಕೆಳಗಿನ ಅಂಚಿನ ಗುರ್ತಿಗೆ.
ಬೆರಳಷ್ಟು ಎತ್ತಿ ನಿಲ್ಲಿಸಿ, ಬಂಪರ್ ಹಿಡದು ಅಲುಗಿಸಿದೆ.
ಎಡಗಡಿ ಹಿಂದಿಂದು ಇಂಚು ತಪ್ಪಿತ್ತು.
ಇಳಿಸಿದೆ. ಸರಿಸಿದೆ. ಮತ್ತ ಗುಂಡಿ ಒತ್ತಿದೆ.
ಮೋಟಾರು ಗೊಣಗ್ತು, ಎರಡೂ ಚೌಕಟ್ಟು ಸಮಸಮ ಎದ್ದವು.
ಕೊಂಡಿ ಮೊದಲ ಹಲ್ಲಿಗೆ, ಟಕ್.
ಎರಡನೇದಕ್ಕ, ಟಕ್.
ಅಲ್ಲಿಂದ ಒಂಚೂರು ಇಳಿಸಿ ಹಲ್ಲಿನ ಮ್ಯಾಲ ಕೂಡಿಸಿದೆ.
"ಎಣ್ಣಿ ಎತ್ತತದ ಅಷ್ಟೇ, ಹಿಡಿಯೋದು ಹಲ್ಲು,"
ಅಂದಿದ್ದ ಮೆಕ್ಯಾನಿಕ್ ಖದೀರ ಮಾಮು,
ಎರಡು ಬೆರಳಿಲ್ಲದ ಕೈ ತೋರಿಸಿ.

ಗಾಲಿ ಹಲಗಿ ಮ್ಯಾಲ ಅಂಗಾತ ಬಿದ್ದು ನಾ ಸರೀಬೇಕು,
ಅಷ್ಟರಾಗ ಸುಗಲಾ ಕಚ್ಚಿ ಹಾಕಿ ಮೊದಲೇ ಒಳಗ.
ಬ್ಯಾಟ್ರಿ ಬೆಳಕು ಅತ್ತಿತ್ತ ಆಡ್ತು.
ನಾ ಹೊರಗ ಹೊಸಾ ಕಾಂಕ್ರೀಟಿನ ಅಂಚು ನೋಡ್ಲತಿದ್ದೆ,
ಕೂದಲೆಳಿ ಬಿರುಕು ಬಿಟ್ಟದೇನು ಅಂತ.
ಬಿಟ್ಟಿರಲಿಲ್ಲ.
ಗಾಡಿ ಹೊಟ್ಟಿಗೆ ಬಡಿಯೋ ಸಪ್ಪಳ ಬಂತು.
ಟಣ್. ಟಣ್.
ಆಮ್ಯಾಲ ಸುಮ್ಮಗ.

"ಬರ್ರಿ ಇಲ್ಲಿ."

ತಲಿಗಿ ತಲಿ ತಾಗಿಸಿ ಇಬ್ಬರೂ ಬಿದ್ದೀವಿ.
ಇಪ್ಪತ್ತು ವರ್ಷದ ಕರೀ ಮಣ್ಣು, ತೊಗರಿ ಹೊಟ್ಟು,
ಯಾವ ಊರಿನದೋ ಡಾಂಬರು.
ನಾಣ್ಯ ಈ ಸಲ ನನ್ನ ಕೈಯಾಗ ಇಟ್ಟಳು.
"ಇಲ್ಲಿ ಬಡೀರಿ. ಕೇಳಸ್ತೇನು?"
ಬಡದೆ, ಮೆಲ್ಲಕ,
ದಿನಾ ನಾ ಕೂಡೋ ಸೀಟಿನ ಕೆಳಗ.

ಢಬ್.