ಮೂರು ಸಲ ತುಳಿದರೆ

ಎಂಬತ್ತೊಂಬತ್ತನೇ ಇಸವಿಯ ಪಿಕಪ್ಪು.
ಬಣ್ಣ ಕೇಳಿದರೆ ನೀಲಿ ಅನ್ನಬೇಕು, ಮರ್ಯಾದೆಗೆ.
ಮಾರುವವನು ರೇನೊ ಹೈಕ್ಕಿಲಾ,
ಸುಪೀರಿಯರ್ ಸರೋವರದ ಗಾಳಿಗೆ ಒಂದು ಕಣ್ಣು ಸದಾ ಕಿರಿದು ಮಾಡಿಕೊಂಡವನು.
"ನಿಲ್ಲುತ್ತದೆಯೇ?" ಕೇಳಿದೆ.
"ನಿಲ್ಲುತ್ತೆ," ಎಂದ.
ಕೈಗವಸು ತೆಗೆದ, ಮತ್ತೆ ಹಾಕಿಕೊಂಡ.
"ಮೂರು ಸಲ ತುಳಿದರೆ."

ಸಾವಿರದ ಮುನ್ನೂರು ಡಾಲರು ಹೇಳಿದ್ದವನು
ಆ ಎರಡು ಹೆಚ್ಚಿನ ತುಳಿತಕ್ಕೆ ಇನ್ನೂರು ಬಿಟ್ಟುಕೊಟ್ಟ.
ನಿಜ ಹೇಳಿ ನಷ್ಟ ಮಾಡಿಕೊಂಡವರನ್ನು ಕಂಡಿದ್ದೇನೆ,
ಲೆಕ್ಕ ಹಾಕಿ ಮಾಡಿಕೊಂಡವನು ಇವನೊಬ್ಬನೇ.

ಎರಡನೇ ಗೇರಿನಲ್ಲೇ ಮನೆಯ ದಾರಿ.
ಕ್ವಿನ್ಸಿ ಗುಡ್ಡದ ಇಳಿಜಾರು,
ಕೆಳಗೆ ಕೆಂಪು ದೀಪ, ದೀಪದ ಮುಂದೆ ಒಂದು ಕಾರು,
ಕಾರಿನ ಹಿಂಗಾಜಿನಲ್ಲಿ ಒಂದು ನಾಯಿ.
ಒಂದು.
ಎರಡು.
ನಾಯಿ ನನ್ನನ್ನೇ ನೋಡುತ್ತಿತ್ತು,
ಯಾವ ಅಭಿಪ್ರಾಯವೂ ಇಲ್ಲದೆ.
ಮೂರು.

ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುವುದು ಮನುಷ್ಯರಿಗೆ.
ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪನ್ನು
ಮೂವತ್ತೈದು ಚಳಿಗಾಲ ತಿಂದ ಕಬ್ಬಿಣ
ಕೊನೆಗೆ ತನ್ನನ್ನೇ ತಿನ್ನುತ್ತದೆ.
ಜಾಕಿ ಕೊಟ್ಟು ಅಡಿಗೆ ನುಸುಳಿದರೆ
ಹಿಂಚಕ್ರಕ್ಕೆ ಹೋಗುವ ಬ್ರೇಕಿನ ನಳಿಕೆ
ಬೆರಳಿಗೆ ರಸ್ಕಿನ ಹಾಗೆ ಉದುರಿತು.
ಹೊಸ ನಳಿಕೆಯನ್ನು ಉಪ್ಪಿನಕಾಯಿ ಜಾಡಿಗೆ ಸುತ್ತಿ ಬಗ್ಗಿಸಿದೆ.
ಒಂದು ನಟ್ಟು ಮಾತ್ರ ಮೂರು ದಿನ ಹಠ ಹಿಡಿಯಿತು.
ಎಣ್ಣೆ, ಬೆಂಕಿ, ಬೈಗುಳ,
ಯಾವುದಕ್ಕೆ ಒಲಿಯಿತೋ ಗೊತ್ತಿಲ್ಲ.

ಅಲ್ಲಿಯವರೆಗಿನದು ಒಬ್ಬಳ ಕೆಲಸ.
ನಳಿಕೆಯೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು.

ಮನೆಯಲ್ಲಿದ್ದವಳು ಟ್ಯಾಮ್ಸಿನ್, ಹದಿನಾರು ವರ್ಷ,
ನನ್ನ ಗಂಡನ ಮಗಳು.
ಅವನು ಅದಿರಿನ ಹಡಗಿನಲ್ಲಿ, ನೀರು ಹೆಪ್ಪುಗಟ್ಟುವವರೆಗೆ ಬರುವುದಿಲ್ಲ.
ನಮ್ಮಿಬ್ಬರ ಮಾತುಕತೆ ಫ್ರಿಜ್ಜಿನ ಬಾಗಿಲ ಮೇಲೆ, ಚೀಟಿಗಳಲ್ಲಿ:
ಹಾಲು. ಮೊಟ್ಟೆ. ತಡವಾಗಿ ಬರ್ತೀನಿ.

ಕರೆದೆ. ಬಂದಳು. ಸೀಟು ಹತ್ತಿ ಕೂತಳು.
ನಾನು ಬಲ ಹಿಂಚಕ್ರದ ಬಳಿ, ಬೆನ್ನಡಿ ರಟ್ಟು,
ಬಾಯಲ್ಲಿ ಟಾರ್ಚು.
"ತುಳಿ."
"ತುಳಿದೆ."
"ಹಿಡಿ."
"ಹಿಡಿದಿದ್ದೀನಿ."
ತಿರುಪು ಸಡಿಲಿಸಿದೆ. ಬಾಟಲಿಗೆ ಗುಳ್ಳೆ ಗುಳ್ಳೆಯಾಗಿ ಎಣ್ಣೆ.
"ಕಾಲು ಮುಳುಗ್ತಾ ಇದೆ!" ಮೇಲಿನಿಂದ ಗಾಬರಿಯ ಕೂಗು.
"ಮುಳುಗಲಿ. ನಾನು ಹೇಳೋವರೆಗೂ ಎತ್ತಬೇಡ."
ಎತ್ತಿದರೆ ಮುಗಿಯಿತು, ಹೊರಗಿನ ಗಾಳಿ ಒಳಗೆ,
ಮತ್ತೆ ಮೊದಲಿನಿಂದ.
ಎಣ್ಣೆಗಾದರೆ ಕಾಲು ಹೇಳಿದ್ದನ್ನು ಚಕ್ರಕ್ಕೆ ಮುಟ್ಟಿಸುವ ನಿಯತ್ತಿದೆ.
ಗಾಳಿ ಹಾಗಲ್ಲ,
ಒತ್ತಿದಷ್ಟೂ ಕುಗ್ಗಿ ಸುಮ್ಮನಿರುತ್ತದೆ.
ಅವಳು ಎತ್ತಲಿಲ್ಲ.
ತಿರುಪು ಬಿಗಿದೆ. "ಬಿಡು."

ಹೀಗೆ ಎಷ್ಟು ಸಲವೋ.
ತುಳಿ, ಹಿಡಿ, ಬಿಡು.
ಎಡ ಹಿಂಚಕ್ರ, ಬಲ ಮುಂಚಕ್ರ,
ಒಂದೆರಡು ಸಲ ನಾನು ಹೇಳುವ ಮೊದಲೇ ಅವಳು ತುಳಿದಳು,
ಒಂದು ಸಲ ಎಣ್ಣೆ ನನ್ನ ಕಿವಿಗೇ ಚಿಮ್ಮಿತು,
ಅವಳು ನಕ್ಕಿದ್ದು ಗಾಡಿಯ ತಗಡಿನಲ್ಲಿ ಕೇಳಿಸಿತು.
ಎಡ ಮುಂಚಕ್ರ ಮುಗಿದಾಗ ಕತ್ತಲಾಗಿತ್ತು.
"ಗಟ್ಟಿ ಆಯ್ತು," ಎಂದಳು,
"ಕಲ್ಲು ತುಳಿದ ಹಾಗಿದೆ."

ಜಲ್ಲಿ ರಸ್ತೆಯಲ್ಲಿ ಅಂಚೆಪೆಟ್ಟಿಗೆಯವರೆಗೆ ಹೋದೆವು.
ಒಂದೇ ತುಳಿತಕ್ಕೆ ಗಾಡಿ ನಿಂತಿತು, ನಾವಿಬ್ಬರೂ ಮುಗ್ಗರಿಸಿದೆವು.
ಅಭ್ಯಾಸಬಲ, ಮತ್ತೆರಡು ಸಲ ತುಳಿದೆ.

ರೇನೊಗೆ ಫೋನು ಮಾಡಿ ಹೇಳಿದೆ.
ಬಹಳ ಹೊತ್ತು ಸದ್ದಿಲ್ಲ.
"ಹಾಗಾದರೆ," ಎಂದ, "ನನ್ನ ಇನ್ನೂರು ವಾಪಸು ಕೊಡು."

ಬೆಳಿಗ್ಗೆ ಫ್ರಿಜ್ಜಿನ ಮೇಲೆ ಚೀಟಿ:
ಹಾಲು. ಮೊಟ್ಟೆ.
ಎಡ ಮುಂಚಕ್ರ ಕಿರುಗುಡ್ತಿದೆ.
ಶನಿವಾರ ನೋಡೋಣ.