ಸುಳ್ಳನ್ನ

ಮೂವತ್ತೊಂದು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳಿಗೆ ಅಕ್ಕಿ ಸುರಿದವನು ನಾನು, ದಾದಾಪೀರ.
ಗಡಿಯಾರ ಬೇಡ, ಮಾಪು ಬೇಡ,
ಮರಳು ಉಸಿರಾಡುವ ಸದ್ದಿನಲ್ಲೇ ಗೊತ್ತಾಗುತ್ತದೆ
ಈಗ ಹಾಕು, ಈಗ ಎತ್ತು ಅನ್ನುವುದು.
ಅಂಥವನ ಮನೆಗೇ ಡಾಕ್ಟರು ಚೀಟಿ ಬರೆದುಕೊಟ್ಟರು:
ಹಾಜಿರಾಗೆ ಅನ್ನ ಬಂದ್.
ಮಂಡಕ್ಕಿಯೂ ಬಂದ್.
ಹೂಕೋಸು ತುರಿದು ಅನ್ನ ಅಂದುಕೊಂಡು ತಿನ್ನಿ, ಅಂದರು,
ಪೆನ್ನಿಗೆ ಮುಚ್ಚಳ ಹಾಕುತ್ತ.

ಮೊದಲ ದಿನ ನಾನೇ ಕೆಡಿಸಿದೆ.
ಅಕ್ಕಿಯೆಂದೇ ಬಗೆದು ನೀರು ಹಾಕಿದೆ, ತಟ್ಟೆ ಮುಚ್ಚಿದೆ.
ತೆಗೆದರೆ ಗೋಡೆಗೆ ಬಳಿಯುವ ಸುಣ್ಣ.
ಮನೆಯೆಲ್ಲ ಒದ್ದೆ ಕಾಲುಚೀಲದ ವಾಸನೆ.
ಹಾಜಿರಾ ಒಂದು ತುತ್ತು ಬಾಯಿಗಿಟ್ಟು
ನನ್ನ ಮುಖ ನೋಡಿದಳು, ಗೋಡೆ ನೋಡಿದಳು.
"ಇದು ಅನ್ನ ಅಲ್ರೀ, ಸುಳ್ಳನ್ನ" ಅಂದಳು.

ರಾತ್ರಿ ನಿದ್ದೆ ಹತ್ತಲಿಲ್ಲ.
ಭಟ್ಟಿಯ ಅಕ್ಕಿ ನೀರು ಕುಡಿದು, ಉಪ್ಪು ಕುಡಿದು, ಬಿಸಿಲು ಕುಡಿದು
ಆಮೇಲಲ್ಲವೆ ಮರಳಿಗೆ ಬೀಳುವುದು?
ಈ ಹೂವು ಹುಟ್ಟಾ ಕುಡಿದೇ ಬಂದಿದೆ.
ಇದಕ್ಕೆ ಕುಡಿಸುವುದಲ್ಲ,
ಕುಡಿತ ಬಿಡಿಸಬೇಕು.

ಕೆ.ಆರ್. ಮಾರ್ಕೆಟ್ಟಿನಿಂದ ಗಟ್ಟಿ ಹೂವು ಆರಿಸಿ ತಂದೆ.
ದಪ್ಪ ತೂತಿನ ಕಡೆ ತುರಿದೆ, ದಂಟನ್ನೂ ಬಿಡಲಿಲ್ಲ.
ಒಗೆದ ಲುಂಗಿಯಲ್ಲಿ ಕಟ್ಟಿ ಹಿಂಡಿದರೆ
ಅರ್ಧ ಲೋಟ ನೀರು! ಪಾಪ, ಎಷ್ಟು ದಿನದಿಂದ ಹೊತ್ತಿತ್ತೋ.
ಅದೇ ಲುಂಗಿ ಬಿಚ್ಚಿ, ಫ್ಯಾನಿನ ಕೆಳಗೆ ಹರವಿ
ಅಸರ್ ನಮಾಜಿಗೆ ಹೋಗಿ ಬಂದೆ.
ಕಬ್ಬಿಣದ ಬಾಣಲೆ ಚೆನ್ನಾಗಿ ಕಾದಿತು.
ಶೇಂಗಾ ಎಣ್ಣೆ, ಸಾಸಿವೆ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ,
ಕರಿಬೇವು ಚಟಚಟ ಬೈಯುತ್ತಿರುವಾಗ
ಒಂದೊಂದೇ ಹಿಡಿ ಹಾಕಿದೆ. ಒಮ್ಮೆಗೇ ಸುರಿದರೆ
ಬಾಣಲೆ ತಣ್ಣಗಾಗಿ ಮುನಿಸಿಕೊಳ್ಳುತ್ತದೆ, ಮರಳಿನ ಹಾಗೇ.
ಮುಚ್ಚಬಾರದು. ಕೆದಕುತ್ತಲೇ ಇರಬಾರದು.
ಅಂಚು ಕೆಂಪಾಗಲಿ ಅಂತ ಸುಮ್ಮನೆ ನಿಲ್ಲಬೇಕು,
ಅದೇ ಕಷ್ಟ.
ಉಪ್ಪು ಕೊನೆಗೆ. ಮೊದಲೇ ಹಾಕಿದರೆ ಅಳು ಶುರು.

ಪಕ್ಕದ ಮನೆ ಹಾಲಮ್ಮ ಕಾಂಪೌಂಡಿನ ಮೇಲಿಂದ
ಗುರೆಳ್ಳು ಪುಡಿ ದಾಟಿಸಿದಳು, ಹಾರ್ಲಿಕ್ಸ್ ಬಾಟಲಿಯಲ್ಲಿ.
"ಇದ್ನ ಹಾಕ್ರಿ ಸಾಬ್ರೇ, ಚಪ್ಪಲಿ ತಿಂದ್ರೂ ರುಚಿ ಆಗ್ತತಿ."
ಎರಡು ಚಮಚ ಹಾಕಿದೆ. ಒಲೆ ಆರಿಸಿ ನಿಂಬೆ ಹಿಂಡಿದೆ.
ಬೆಣ್ಣೆ ದೋಸೆಯ ಊರಲ್ಲಿ ಹುಟ್ಟಿ
ಬೆಣ್ಣೆ ಬಿಡಲಿಕ್ಕಾಗುತ್ತದೆಯೆ?
ನೆಲ್ಲಿಕಾಯಿ ಗಾತ್ರ. ಅಷ್ಟೇ.

ಹಾಜಿರಾ ಮೂರು ತುತ್ತು ತಿಂದಳು.
"ಖಾರ ಇದೆ, ಹುಳಿ ಇದೆ. ಏನೋ ಒಂದು ಇಲ್ಲ."
ಏನಿಲ್ಲ? ಹೇಳಲಿಲ್ಲ. ನಿಕಾದ ದಿನದಿಂದಲೂ
ಅವಳದು ಅದೇ ಅಭ್ಯಾಸ.

ಹೇಳಿದ್ದು ಭಾನುವಾರ, ನನ್ನ ಅಂಗಿ ನೆನೆಹಾಕುತ್ತ.
ಕಾಲರು ಮೂಸಿ ನಕ್ಕಳು:
"ಇದು."

ಹೊಟ್ಟಿನ ಹೊಗೆ. ಬೆಂದ ಮರಳು.
ಯಾವ ಸೋಪಿಗೂ ಹೋಗದ್ದು.
ನನಗೊಂದು ವಾಸನೆಯಿದೆ ಅನ್ನುವುದನ್ನೇ ಮರೆತಿದ್ದೆ.

ಆ ಸಂಜೆ ತೆಂಗಿನ ಚಿಪ್ಪಿನ ಕೆಂಡವೊಂದನ್ನು
ಸ್ಟೀಲ್ ಬಟ್ಟಲಲ್ಲಿಟ್ಟು ಬಾಣಲೆಯ ನಡುವೆ ಕೂರಿಸಿದೆ.
ಒಂದು ಹನಿ ತುಪ್ಪ. ಚುಸ್ ಅಂದಿತು.
ತಟ್ಟೆ ಮುಚ್ಚಿದೆ (ಈ ಸಲ ಮುಚ್ಚಬಹುದು),
ನೂರು ಎಣಿಸುವಷ್ಟು ಹೊತ್ತು.

ತಿಂದಳು. ಮಾತಿಲ್ಲ.
ಬೆರಳಿನಲ್ಲಿ ತಟ್ಟೆಯ ಅಂಚು ಬಳಿದಳು.
"ಇನ್ನೊಂದು ಸೌಟು ಸುಳ್ಳು ಹಾಕ್ರಿ" ಅಂದಳು.

ಆಮೇಲೆ ತಾನೇ ಎದ್ದು, ಮೇಲಿನ ಡಬ್ಬಿ ಇಳಿಸಿ,
ಮಂಡಕ್ಕಿ ಎಣಿಸಿ ಉದುರಿಸಿಕೊಂಡಳು. ಏಳೇ ಏಳು.
ನಾನು ಕಿಟಕಿಯ ಕಡೆ ನೋಡುತ್ತಿದ್ದೆ.
ಡಾಕ್ಟರು ಕೇಳಿದರೆ ಹೇಳುತ್ತೇನೆ,
ಏಳು ಕಾಳು ಲೆಕ್ಕಕ್ಕಿಲ್ಲ ಸಾರ್,
ಅವು ನಾನು ಹುರಿದವು.