ಎರಡು ಬೆರಳು

ಆರೋಗ್ಯಮೇರಿಯಮ್ಮ ತಂದದ್ದು ಟವೆಲಿನಲ್ಲಿ ಸುತ್ತಿ,
ಹಸುಗೂಸನ್ನು ತಂದ ಹಾಗೆ.
'ಪೇಪರ್ ಮಿಲ್ಲಿಗೆ ಮೆಷಿನ್ ಕೂಡಿಸಲು ಬಂದ ಇಟಲಿಯವನು
ನಮ್ಮ ಯಜಮಾನರಿಗೆ ಕೊಟ್ಟು ಹೋದದ್ದು.
ಮಿಲ್ಲು ಮುಚ್ಚಿತು, ಇವರೂ ಹೋದರು.
ಇದೊಂದಿದೆ. ಸರಿಮಾಡು ಖುದ್ದೂಸ್.'

ನಾನು ಅಕ್ಷರದವನು ಅಮ್ಮಾ.
ಭದ್ರಾವತಿ ಹಳೇನಗರದ ಅರ್ಧ ಬೋರ್ಡು ನನ್ನದೇ,
ಲಾರಿ ಬೆನ್ನಿನ 'ಮತ್ತೆ ಸಿಗೋಣ'ವೂ.
ಮುಖ ಬರೆಯುವುದಿಲ್ಲ; ಉಸ್ತಾದರ ಮಾತು.

'ಮುಖ ಚೆನ್ನಾಗೇ ಇದೆಯಲ್ಲ, ನೋಡು.'

ನೋಡಿದೆ. ಐನೂರು ವರ್ಷ ಹಿಂದಿನದರ ಅಚ್ಚು.
ತಾಯಿ ಕೂಸನ್ನು ನೋಡುತ್ತಿಲ್ಲ.
ಕೂಸಿನ ನೆತ್ತಿ ದಾಟಿ, ಚೌಕಟ್ಟು ದಾಟಿ,
ನನ್ನ ಪೆಟ್ಟಿಗೆ ಅಂಗಡಿ ದಾಟಿ
ಹೊಳೆಯಾಚೆ ಎಲ್ಲೋ ಕಣ್ಣು.
ಕೂಸಿಗೋ ಹಾಲುಗಲ್ಲದ ಮೇಲೆ ಮುದುಕನ ಗತ್ತು,
ಪಂಚಾಯ್ತಿ ಕಟ್ಟೆಗೆ ಕೂತವನಂತೆ.
ಮುಷ್ಟಿಯಲ್ಲೊಂದು ಪುಟ್ಟ ಹಕ್ಕಿ,
ಹಕ್ಕಿಯ ತಲೆಯಲ್ಲಿ ಕೆಂಪು.
ತುಕ್ಕೆಂದು ಬ್ಲೇಡು ಹಚ್ಚಿದೆ.

'ಅಯ್ಯೋ ಕೆರೀಬೇಡ! ಕಿರೀಟದ ಮುಳ್ಳು ಕೀಳುವಾಗ
ಹಕ್ಕಿಗೆ ಸಿಡಿದದ್ದು, ಈ ಮಗುವಿನದೇ ನೆತ್ತರು.'

ಮಗು ಇನ್ನೂ ಹಾಲು ಬಿಟ್ಟಿಲ್ಲ ಅಮ್ಮಾ,
ಮುಳ್ಳಿಗೆ ಮೂವತ್ತು ವರ್ಷ ಬಾಕಿ.

'ಅವಳಿಗೆ ಆಗಲೇ ಗೊತ್ತು.
ಅದಕ್ಕೇ ಆ ಕಡೆ ನೋಡೋದು.'

ಸೆರಗಿನ ನೀಲಿ ಹಾರಿತ್ತು.
ಲಾರಿ ಬಾಗಿಲಿನ ನೀಲಿಗೆ ಹನಿ ಕಪ್ಪು ಬೆರೆಸಿ ತುಂಬಿದೆ.
ಕೂಸಿನ ಬೆನ್ನಿಗಾನಿಸಿದ ಕೈಯಲ್ಲಿ
ಎರಡು ಬೆರಳು ಗೆದ್ದಲು ತಿಂದಿತ್ತು.
ಬೆರಳು ಬರೆಯಬಹುದೇ?
ಉಸ್ತಾದರು ಏನೂ ಹೇಳಿರಲಿಲ್ಲ.

ರಾತ್ರಿ ಬಲ್ಬಿನಡಿ ಕೂತೆ. ಯಾರ ಬೆರಳು?
ನನ್ನ ಅಮ್ಮಿಯದೊಂದು ಫೋಟೋ ಇಲ್ಲ.
ಮುಖ, ಸುಳ್ಳೇಕೆ, ಹೋಗಿಬಿಟ್ಟಿದೆ.
ಉಳಿದದ್ದು ತೊಡೆ ಮೇಲಿನ ಮೊರ,
ಮೊರದಂಚಿಗೆ ತಲೆಯಿಟ್ಟ ನಾನು,
ಬೀಡಿಯ ಬಾಯಿ ಮಡಚಲೆಂದೇ ಬೆಳೆಸಿದ ಉಗುರು,
ಸಾವಿರ ತುಂಬಲು ಇನ್ನೂರು ಇರುವಾಗಲೂ
ಲೆಕ್ಕ ತಪ್ಪದೆ ನನ್ನ ಬೆನ್ನಿಗೆ ಬಂದು ಹೋಗುವ ಬೆರಳು.
ಅವಳೂ ನನ್ನನ್ನು ನೋಡುತ್ತಿರಲಿಲ್ಲ.
ಬಾಗಿಲ ಕಡೆ ಕಣ್ಣು;
ಕಂತ್ರಾಟುದಾರ ಬರುವ ಹೊತ್ತು.

ಬೆಳಿಗ್ಗೆ ಆರೋಗ್ಯಮೇರಿಯಮ್ಮ ಬಿಸಿಲಿಗೆ ಹಿಡಿದರು.
ನೀಲಿ ಜಾಸ್ತಿಯೆಂದು ಮೂವತ್ತು ರೂಪಾಯಿ ಮುರಿದರು.
ಆಮೇಲೆ ಕಣ್ಣು ಕೈಯ ಹತ್ತಿರ ನಿಂತಿತು.
'ಈ ಉಗುರು ಯಾಕೋ ಹಳದಿ?'

ಹಳೇ ಬಣ್ಣ ಅಮ್ಮಾ, ಎಂದೆ.

ಟವೆಲಿನಲ್ಲಿ ಸುತ್ತಿದರು.
ಕತ್ತಿನ ಕೆಳಗೆ ಒಂದು ಕೈ ಕೊಟ್ಟು
ಎತ್ತಿಕೊಂಡರು.